ಅಳತೆಯ ನೂಲು ಹಿಡಿದವನ ಹಿಂದೆ



ಬರುವ ಶನಿವಾರ ಅಘನಾಶಿನಿಯ ದಡದಲ್ಲಿ ಒಂದು ಸಾರ್ವಜನಿಕ ಸಭೆ ಸೇರಲಿದೆ. ಅಳಿವೆಯ ಅಧ್ಯಯನ ಮಾಡಿದವರು ತಾವು ಕಂಡದ್ದನ್ನು ಹೇಳುತ್ತಾರೆ. ಬಳಚು ಎಂಬ ಚಿಪ್ಪುಜೀವಿ ತೆಗೆಯುವವರು, ಬಲೆ ಬೀಸುವವರು, ಗಜನಿ ಎಂಬ ಉಪ್ಪುನೀರಿನ ಗದ್ದೆಯ ಬೇಸಾಯದವರು ತಾವು ಬಾಳಿದ್ದನ್ನು ಹೇಳುತ್ತಾರೆ. ದೇವಾಲಯಕ್ಕೂ ಈ ಸಭೆಗೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳಿದವರಿಗೆ ನನ್ನ ಉತ್ತರ ಪ್ರವಾದಿ ಯೆಜೆಕಿಯೇಲನ ಗ್ರಂಥದ 47ನೆಯ ಅಧ್ಯಾಯದಲ್ಲಿದೆ.

ಅಲ್ಲಿ ದೇವಾಲಯದ ಹೊಸ್ತಿಲ ಕೆಳಗಿನಿಂದ ನೀರು ಹೊರಡುತ್ತದೆ. ಕೈಯಲ್ಲಿ ಅಳತೆಯ ನೂಲು ಹಿಡಿದವನೊಬ್ಬ ಸಾವಿರ ಮೊಳ ಅಳೆದು ಪ್ರವಾದಿಯನ್ನು ನೀರಿನಲ್ಲಿ ನಡೆಸುತ್ತಾನೆ; ನೀರು ಪಾದಕ್ಕೆ. ಮತ್ತೆ ಸಾವಿರ ಮೊಳ, ನೀರು ಮೊಣಕಾಲಿಗೆ. ಮತ್ತೆ ಸಾವಿರ, ನೀರು ಸೊಂಟಕ್ಕೆ. ಮತ್ತೂ ಅಳೆದಾಗ ಈಜದೆ ದಾಟಲಾಗದ ಹೊಳೆ. ಆ ಹೊಳೆ ಮುಟ್ಟಿದ ಉಪ್ಪುಕಡಲು ಜೀವ ಪಡೆಯಿತು, ಬಗೆಬಗೆಯ ಮೀನು ತುಂಬಿತು, ದಡದುದ್ದಕ್ಕೂ ಬಲೆಗಳು ಹರಡಿದವು. ಪ್ರಿಯರೇ, ಇದನ್ನು ಗಮನಿಸಿ: ದೇವರ ಕೃಪೆಗೆ ಅಳತೆಯಿಲ್ಲ, ಆದರೂ ಆ ಕೃಪೆಯನ್ನು ತೋರಿಸಲು ದೇವರು ಅಳೆಯುವವನನ್ನೇ ಕಳುಹಿಸಿದರು. ದಡದಲ್ಲಿ ನಿಂತು ನೋಡು ಎನ್ನಲಿಲ್ಲ. ಇಳಿ, ನಡೆ, ನೆನೆ ಎಂದರು. ಕೆಸರಿಗಿಳಿದು ನೀರಿನ ಉಪ್ಪು ಅಳೆಯುವವರನ್ನು, ಹಕ್ಕಿ ಎಣಿಸುವವರನ್ನು ಕಂಡಾಗ ನನಗೆ ನೆನಪಾಗುವವನು ಆ ಅಳೆಯುವವನೇ.

ನಮಗೆ ಸಿಕ್ಕಿರುವ ಕೃಪೆ ಎಂಥದ್ದು, ಒಮ್ಮೆ ನೋಡಿ. ಶಿರಸಿಯ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಘಟ್ಟ ಇಳಿದು ಬರುತ್ತದೆ. ಕಾಡಿನ ಸಿಹಿನೀರೂ ಭರತದ ಉಪ್ಪುನೀರೂ ದಿನಕ್ಕೆರಡು ಬಾರಿ ಇಲ್ಲಿ ಬೆರೆಯುತ್ತವೆ. ಆ ಬೆರಕೆಯಲ್ಲೇ ಸಿಗಡಿಯ ಮರಿ ಬೆಳೆಯುತ್ತದೆ, ಏಡಿ ಬಲಿಯುತ್ತದೆ. ಮ್ಯಾಂಗ್ರೋವ್ ಎನ್ನುವ ಕಾಂಡ್ಲಾ ಗಿಡದ ಕೆಳಗೆ ನಿಂತು ಮೇಲೆ ನೋಡಿ: ಬೀಜ ಕೊಂಬೆಯಲ್ಲಿ ಇದ್ದಾಗಲೇ ಮೊಳೆತು, ಹಸಿರು ಕೋಲಾಗಿ ನೇತಾಡುತ್ತದೆ, ಕಳಚಿದಾಗ ನೆಟ್ಟಗೆ ಕೆಸರಿಗೆ ನಾಟಿಕೊಳ್ಳುತ್ತದೆ, ಇಲ್ಲವೇ ನೀರಿನಲ್ಲಿ ತೇಲಿ ಇನ್ನೊಂದು ದಡದಲ್ಲಿ ಬೇರೂರುತ್ತದೆ. ತಾಯಿಯ ಮೈಮೇಲೆಯೇ ಬೆಳೆಸಿ ಕಳುಹಿಸುವ ಈ ಏರ್ಪಾಡು ಸೃಷ್ಟಿಕರ್ತನದು. ಆರರಿಂದ ಏಳೂವರೆ ಸಾವಿರ ಕುಟುಂಬಗಳ ಅನ್ನ ಈ ನೀರಿನಲ್ಲಿದೆ. 2024ರ ಜನವರಿಯಲ್ಲಿ ಇಲ್ಲಿಯ 4,801 ಹೆಕ್ಟೇರ್ ಪ್ರದೇಶ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು ಎಂದು ತಿಳಿದಾಗ ನಾವು ಹೆಮ್ಮೆಪಟ್ಟೆವು. ಹೆಮ್ಮೆ ತಪ್ಪಲ್ಲ. ಆದರೆ ಪಟ್ಟಿಯಲ್ಲಿ ಹೆಸರು ಬಂದಮಾತ್ರಕ್ಕೆ ಹೊಳೆ ಉಳಿಯುವುದಿಲ್ಲ.

ಏಕೆಂದರೆ ಪಾಪವೂ ಇಲ್ಲೇ ಇದೆ, ಪ್ರಿಯರೇ. ಅದನ್ನು ಅಭಿವೃದ್ಧಿ ಎಂದು ಕರೆದರೂ ಪಾಪವೇ, ಅಸಹಾಯಕತೆ ಎಂದು ಕರೆದರೂ ಪಾಪವೇ. ಸೌದೆಗೆಂದು ಕಾಂಡ್ಲಾ ಕಡಿದೆವು, ಒಡ್ಡಿಗೆಂದು ಕಡಿದೆವು. ತಲೆಮಾರುಗಳ ಚಿಪ್ಪನ್ನು ತಳದಿಂದ ಬಗೆದು ಮಾರಿದೆವು. ಕಗ್ಗ ಭತ್ತ ಬೆಳೆಯುತ್ತಿದ್ದ ಗಜನಿಯನ್ನು ಸಿಗಡಿಯ ಹೊಂಡ ಮಾಡಿದೆವು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂತು, ಹಣ ಹಾಕಿದವರು ಹೋದರು, ಹೊಂಡ ಉಳಿಯಿತು. ಬಲಿಯುವ ಮುನ್ನವೇ ಬಳಚಿನ ಮರಿಗಳು ಚೀಲ ಸೇರುತ್ತಿವೆ. ಬಡವನ ಹಸಿವನ್ನು ದೇವರು ಬಲ್ಲರು; ಅವನ ಹಸಿವನ್ನು ಮುಂದಿಟ್ಟುಕೊಂಡು ಚೀಲ ತುಂಬಿಕೊಳ್ಳುವ ದುರಾಸೆಯನ್ನೂ ಬಲ್ಲರು.

ಈಗ ಸುವಾರ್ತೆಯ ಸುಂಕದವ ಜಕ್ಕಾಯನನ್ನು ನೆನೆಯಿರಿ. ಪ್ರಭು ಅವನ ಮನೆಗೆ ಬಂದದ್ದು ಮೊದಲು, ಅವನು ಬದಲಾದದ್ದು ಆಮೇಲೆ. ಕೃಪೆಯ ಕ್ರಮ ಯಾವಾಗಲೂ ಇದೇ. ಆದರೆ ಬದಲಾದವನು ಕಣ್ಣೀರಿಟ್ಟು ಸುಮ್ಮನಾಗಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಎಂದ. ಅವನ ಪಶ್ಚಾತ್ತಾಪಕ್ಕೆ ಲೆಕ್ಕವಿತ್ತು. ನಮ್ಮ ಪಶ್ಚಾತ್ತಾಪಕ್ಕೆ ಲೆಕ್ಕ ಎಲ್ಲಿದೆ? ಎಷ್ಟು ಬಳಚು ತೆಗೆದರೆ ಎಷ್ಟು ಉಳಿಯುತ್ತದೆ, ಯಾವ ತಿಂಗಳು ಕೈ ತಡೆಹಿಡಿಯಬೇಕು, ಯಾವ ಒಡ್ಡು ಭರತವನ್ನು ತಡೆದಿದೆ, ಇದನ್ನು ಅರಿಯದೆ ಸಾಲ ತೀರಿಸುವುದು ಹೇಗೆ? ವರ್ಷಗಟ್ಟಲೆ ಎಣಿಸಿದವರು ಆ ಲೆಕ್ಕವನ್ನು ನಮ್ಮ ಬಾಗಿಲಿಗೇ ತರುತ್ತಿದ್ದಾರೆ. ಅದನ್ನು ಕೇಳಲು ಹೋಗುವುದು ನಮ್ಮ ಪ್ರಾಯಶ್ಚಿತ್ತದ ಮೊದಲ ಹೆಜ್ಜೆ.

ಬದುಕು ಬದಲಾಗುತ್ತದೆ ಎಂಬುದಕ್ಕೆ ಸಾಕ್ಷಿ ಕಣ್ಣೆದುರೇ ಇದೆ. ಅರಣ್ಯ ಇಲಾಖೆಯೂ ಊರವರೂ ಸೇರಿ ನೆಟ್ಟ ಕಾಂಡ್ಲಾ ಇಂದು ಹಕ್ಕಿಗಳಿಗೆ ಮನೆಯಾಗಿದೆ. ಮಾಣಿಕಟ್ಟಾದ ರೈತರು ಕಗ್ಗದ ಬೀಜವನ್ನು ಕೈಬಿಡಲಿಲ್ಲ. ಉಪ್ಪು ತಾಳುವ ಆ ಭತ್ತಕ್ಕೆ ಗೊಬ್ಬರ ಬೇಡ, ಔಷಧ ಬೇಡ. ತೆನೆ ಕೊಯ್ದ ಮೇಲೆ ಗದ್ದೆಯಲ್ಲಿ ನಿಂತ ಹುಲ್ಲಿನ ನಡುವೆ ಮೀನು ಆಡುತ್ತದೆ. ಒಂದೇ ಗದ್ದೆ ಅನ್ನವನ್ನೂ ಕೊಡುತ್ತದೆ, ಮೀನನ್ನೂ ಕೊಡುತ್ತದೆ, ತೂಬು ತೆರೆದು ನೀರನ್ನು ಒಳಗೆ ಬಿಟ್ಟುಕೊಂಡರೆ.

ಆದ್ದರಿಂದ ಬನ್ನಿ, ಪ್ರಿಯ ಸಹೋದರರೇ. ಬನ್ನಿ, ಪ್ರಿಯ ಸಹೋದರಿಯರೇ. ಇಳಿತದಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ಬಳಚು ತಡಕುವ ಅಕ್ಕಂದಿರೇ, ಹಿಂದಿನ ಸಾಲಿನಲ್ಲಿ ಕೂರಬೇಡಿ. ನಿಮ್ಮ ಬೆರಳಿಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಇಲ್ಲ, ಎದ್ದು ನಿಂತು ಹೇಳಿ. ಯುವಕರೇ, ನಡೆಯಲಾಗದ ಅಜ್ಜಂದಿರನ್ನು ಬೈಕಿನ ಮೇಲೆ ಕೂರಿಸಿಕೊಂಡು ಬನ್ನಿ. ಪಾಳುಬಿದ್ದ ಹೊಂಡದ ಒಡೆಯರೇ, ನೀವೂ ಬನ್ನಿ, ನಿಮ್ಮನ್ನು ದೂರಲು ಅಲ್ಲ; ಆ ಒಡ್ಡನ್ನು ಎಲ್ಲಿ ಬಿಡಿಸಿದರೆ ಹೊಳೆ ಒಳಗೆ ಬರುತ್ತದೆ ಎಂದು ಬಲ್ಲವರನ್ನು ಕೇಳಿಕೊಳ್ಳಲು. ಕೇಳಿಕೊಂಡ ಮೇಲೆ ಮಳೆಗಾಲದವರೆಗೆ ಕಾಯಬೇಡಿ. ಹಾರೆ ಹಿಡಿದು ಬರಲು ನಮ್ಮ ಧರ್ಮಕೇಂದ್ರದ ಹುಡುಗರು ತಯಾರಿದ್ದಾರೆ, ಅವರ ಜೊತೆ ನಾನೂ ಬರುತ್ತೇನೆ.