ಕೇಳಿಸಿಕೊಳ್ಳದೆ ಇರುವ ಹಕ್ಕು

1981ರಿಂದ 2018ರವರೆಗೆ ಮೂವತ್ತೇಳು ವರ್ಷ ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡಿದವನು. ಎಮ್ಮೆಯ ಸಾಲದಿಂದ ಹಿಡಿದು ಲೇಥ್ ಮಶೀನಿನ ಸಾಲದವರೆಗೆ ಎಲ್ಲವೂ ನನ್ನ ಟೇಬಲ್ ಮೇಲೆ ಬಂದು ಹೋಗಿವೆ. ನಿವೃತ್ತಿಯಾಗಿ ಪುಣೆಯ ಕೋಥರೂಡಿನಲ್ಲಿ ಮಗನ ಮನೆಯಲ್ಲಿ ನೆಲೆ ನಿಂತ ಮೇಲೆ ಇನ್ನು ಆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆದರೆ ಈಚೆಗೆ ಇನ್ನೊಂದು ಅರ್ಜಿ ಬಂತು. ಅರ್ಜಿದಾರ ನನ್ನ ಮೊಮ್ಮಗ, ವಯಸ್ಸು ಹದಿನೈದು. ಬೇಕಾದ ವಸ್ತು: ಕಂಪ್ಯೂಟರ್ ಆಟಕ್ಕೆಂದು ಮಾಡಿದ, ವಯರ್ ಇಲ್ಲದ, ಹೊರಗಿನ ಸದ್ದನ್ನು ಅಳಿಸಿಹಾಕುವ ಹೆಡ್‌ಸೆಟ್. ಬೆಲೆ ಹದಿನಾಲ್ಕು ಸಾವಿರ ರೂಪಾಯಿ.

ಮಗ ಜಾಣ. ತಾನು ಬೇಡವೆಂದು ಕೆಟ್ಟವನಾಗಲು ತಯಾರಿರಲಿಲ್ಲ. ತರಿಸಿ ನನ್ನ ಕೈಗೇ ಕೊಟ್ಟ. "ಅಪ್ಪಾ, ಏಳು ದಿನದಾಗ ವಾಪಸ್ ಕಳಸಾಕ ಬರತೈತಿ. ನೀವ ಹಾಕ್ಕೊಂಡು ನೋಡ್ರಿ. ನೀವು ಹೂಂ ಅಂದ್ರ ಇಟ್ಕೊಳ್ಳೋಣು" ಅಂದ. ಮೊಮ್ಮಗ ಬಾಗಿಲ ಹತ್ತಿರ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಸಾಲ ಕೇಳಲು ಬಂದ ರೈತರ ಮುಖದಲ್ಲಿ ಇದೇ ಕಳೆಯನ್ನು ನಾನು ಎಷ್ಟು ಸಲ ಕಂಡಿದ್ದೇನೆ!

ಬ್ಯಾಲೆನ್ಸ್ ಶೀಟ್ ಓದುವ ಶ್ರದ್ಧೆಯಿಂದಲೇ ಅದರ ಪುಸ್ತಿಕೆಯನ್ನು ಓದಿದೆ. ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಪುಟ್ಟ ಕಡ್ಡಿಯಂಥದ್ದು ಇದರ ಜೊತೆ ಬರುತ್ತದೆ. ಬ್ಲೂಟೂತ್ ಇದ್ದರೂ ಆಟದವರು ಆ ಕಡ್ಡಿಯನ್ನೇ ಬಳಸುತ್ತಾರಂತೆ, ಯಾಕೆಂದರೆ ಬ್ಲೂಟೂತಿನಲ್ಲಿ ಸದ್ದು ಕಿವಿಗೆ ಬರುವುದು ತುಸು ತಡ. ಪರದೆಯ ಮೇಲೆ ಶತ್ರುವಿನ ಕಾಲು ಕಂಡ ಮೇಲೆ ಹೆಜ್ಜೆ ಸಪ್ಪಳ ಬಂದರೆ ಏನು ಉಪಯೋಗ? ತೂಕ ಮುನ್ನೂರು ಗ್ರಾಂ ಮೇಲೆ. ಕನ್ನಡಕದವರಿಗೆ ಅರ್ಧ ತಾಸಿನಲ್ಲಿ ಕಿವಿಯ ಹಿಂದೆ ಒತ್ತುತ್ತದೆ. ಕನ್ನಡಕದ ಕಡ್ಡಿಯ ಸಂದಿನಿಂದ ಹೊರಗಿನ ಸದ್ದು ಒಳಗೆ ನುಸುಳುತ್ತದೆ. ಸದ್ದಳಿಸುವ ಗುಂಡಿ ಒತ್ತಿದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಇವು ಅದರ ದೋಷಗಳು. ಮಾತಾಡುವ ಮೈಕು, ಕೇಳುವ ಸ್ಪಷ್ಟತೆ ಎರಡಕ್ಕೂ ಒಳ್ಳೆಯ ಮಾರ್ಕು ಕೊಡಬಹುದು.

ಸದ್ದನ್ನು ಅಳಿಸುವ ಬಗೆ ಮಾತ್ರ ಎಂ.ಕಾಂ. ಓದಿದ ನನಗೆ ಬಹಳ ಹಿಡಿಸಿತು. ಅದು ನಮ್ಮ ಎದುರು ನಮೂದು ಇದ್ದ ಹಾಗೆಯೇ. ಹೊರಗಿನ ಸದ್ದನ್ನು ಒಂದು ಸಣ್ಣ ಮೈಕು ಕೇಳಿಸಿಕೊಳ್ಳುತ್ತದೆ. ಯಂತ್ರವು ಅದಕ್ಕೆ ಸರಿಯಾಗಿ ತಿರುವುಮುರುವಾದ ಅಲೆಯನ್ನು ಹುಟ್ಟಿಸಿ ಕಿವಿಗೆ ಬಿಡುತ್ತದೆ. ಏರು ಇದ್ದಲ್ಲಿ ಇಳಿವು, ಇಳಿವು ಇದ್ದಲ್ಲಿ ಏರು. ಖರ್ಚು ಜಮಾ ಎರಡೂ ಸೇರಿ ಬಾಕಿ ಸೊನ್ನೆ. ಜರ್ಮನಿಯ ಪಾಲ್ ಲ್ಯೂಗ್ ಎಂಬವರಿಗೆ ಈ ತತ್ತ್ವಕ್ಕೆ ಅಮೆರಿಕದಲ್ಲಿ 1936ರಲ್ಲೇ ಪೇಟೆಂಟ್ ಸಿಕ್ಕಿತ್ತು. ಬಂಗಾಳಿ ತಂದೆಯ ಮಗ, ಎಂಐಟಿಯ ಪ್ರಾಧ್ಯಾಪಕ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ಮನೆಗೆ ಮರಳುವಾಗ, ಎಂಜಿನ್ ಸದ್ದಿನಲ್ಲಿ ಸಂಗೀತ ಕೇಳಲಾಗದೆ, ಅಲ್ಲೇ ಕುಳಿತು ಲೆಕ್ಕ ಹಾಕಲು ಶುರು ಮಾಡಿದರು. ಅದರಿಂದ ಬಂದ ಹೆಡ್‌ಸೆಟ್ಟು 1989ರಲ್ಲಿ ಪೈಲಟ್‌ಗಳಿಗಾಗಿ ಮಾರಾಟಕ್ಕೆ ಬಂತು.

ಇದರಲ್ಲಿ ಒಂದು ಮಿತಿ ಇದೆ. ಒಂದೇ ಸಮನೆ ಬರುವ ತಗ್ಗು ಸ್ಥಾಯಿಯ ಸದ್ದು, ಅಂದರೆ ಎಂಜಿನ್, ಫ್ಯಾನು, ಏಸಿ, ಇವನ್ನು ಯಂತ್ರ ಚೆನ್ನಾಗಿ ಅಳಿಸುತ್ತದೆ. ಥಟ್ಟನೆ ಬರುವ ಹಾರ್ನು, ಮಗುವಿನ ಅಳು, ಮನುಷ್ಯರ ಮಾತು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅವನ್ನು ತಡೆಯುವ ಕೆಲಸ ಕಿವಿಯನ್ನು ಮುಚ್ಚುವ ದಪ್ಪ ಗಾದಿಯದು, ಒಳಗೆ ಹಾಡುವ ಹಾಡಿನದು.

ಮೊದಲ ಮೂರು ದಿನ ನಾನು ಸ್ವರ್ಗದಲ್ಲಿದ್ದೆ ಅನ್ನಿ. ನಮ್ಮ ಮನೆ ದೊಡ್ಡ ರಸ್ತೆಗೆ ಹತ್ತಿಕೊಂಡಿದೆ. ಪುಣೆಯ ದ್ವಿಚಕ್ರ ವಾಹನಗಳ ಬಗ್ಗೆ ಊರಲ್ಲಿ ಇರುವ ನಿಮಗೆ ಹೇಗೆ ಹೇಳಲಿ? ಬೆಳಗಿನ ಆರಕ್ಕೆ ಶುರುವಾದರೆ ರಾತ್ರಿ ಹನ್ನೆರಡು. ಗಣಪತಿಯ ಹತ್ತು ದಿನ ಢೋಲು ತಾಶಾ ಬೇರೆ. ಗುಂಡಿ ಒತ್ತಿದೆ, ತಲೆಯ ಮೇಲೆ ಫ್ಯಾನು ತಿರುಗುತ್ತಿದೆ, ಸದ್ದಿಲ್ಲ! ಮಲ್ಲಿಕಾರ್ಜುನ ಮನಸೂರರ ಹಳೆಯ ಧ್ವನಿಮುದ್ರಣ ಹಾಕಿಕೊಂಡೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅವರನ್ನು ಎದುರು ಕುಳಿತು ಕೇಳಿದವನು ನಾನು. ಆಮೇಲೆ ಇಷ್ಟು ವರ್ಷ ಅವರ ಹಾಡನ್ನು ಟ್ರಾಫಿಕ್ಕಿನ ಜೊತೆ ಬೆರೆಸಿಯೇ ಕೇಳಿದ್ದೆ. ಈಗ ಅವರು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಕಣ್ಣು ಒದ್ದೆಯಾಯಿತು.

ಮನುಷ್ಯನಿಗೆ ಕೇಳಿಸಿಕೊಳ್ಳದೆ ಇರುವ ಹಕ್ಕೂ ಇದೆ ಅನ್ನಿಸಿದ್ದು ಆಗಲೇ. ಕಾನೂನೂ ಹಾಗೇ ಹೇಳುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯ ಕಡೆ ಹಗಲು 55 ಡೆಸಿಬಲ್, ರಾತ್ರಿ 45 ಮೀರಬಾರದು. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಮಾತಾಡುವ ಸ್ವಾತಂತ್ರ್ಯವಿದೆ ಎಂದು ಇನ್ನೊಬ್ಬರನ್ನು ಬಲವಂತದ ಕೇಳುಗರನ್ನಾಗಿ ಮಾಡುವಂತಿಲ್ಲ ಎಂದಿತು. ಆ ಮೊಕದ್ದಮೆಯ ಹಿಂದೆ ಒಂದು ಭಯಂಕರ ಘಟನೆ ಇತ್ತು. ಹದಿಮೂರು ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆದಾಗ ಅವಳ ಕೂಗು ಪಕ್ಕದಲ್ಲಿ ಹಚ್ಚಿದ್ದ ಲೌಡ್‌ಸ್ಪೀಕರಿನ ಹಾಡಿನಲ್ಲಿ ಮುಳುಗಿಹೋಗಿತ್ತು. 1998ರ ಜನವರಿಯ ಪತ್ರಿಕೆಗಳಲ್ಲಿ ಬಂದ ಸುದ್ದಿ ಅದು. ಈ ಘಟನೆಯನ್ನು ಓದಿದಾಗ, ಗದ್ದಲ ಎಷ್ಟು ಕೆಟ್ಟದ್ದು ಎಂಬುದಕ್ಕೆ ಸಾಕ್ಷಿ ಎಂದಷ್ಟೇ ನನಗೆ ಹೊಳೆದಿತ್ತು. ಮೌನವೂ ಅದೇ ಕೆಲಸ ಮಾಡಬಲ್ಲದು ಎಂದು ಹೊಳೆದದ್ದು ನಾಲ್ಕನೆಯ ದಿನ.

ಅವತ್ತು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ನಾನು ಹಾಲಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದೆ. ನನ್ನ ಹೆಂಡತಿ ಶೇಂಗಾದ ಡಬ್ಬಿ ಇಳಿಸಲು ಸ್ಟೂಲ್ ಹತ್ತಿದವಳು ಜಾರಿ ಬಿದ್ದಳು. ಚಹಾ ಯಾಕೆ ಬರಲಿಲ್ಲ ಎಂದು ನಾನು ಎದ್ದು ಹೋಗಿ ನೋಡಿದಾಗ ಅಡಿಗೆಮನೆಯ ನೆಲದ ಮೇಲೆ ಎಡಗೈ ಹಿಡಿದುಕೊಂಡು ಕುಳಿತಿದ್ದಳು. ಸುತ್ತಲೂ ಶೇಂಗಾ. ಬಿದ್ದು ಇಪ್ಪತ್ತು ನಿಮಿಷದ ಮೇಲಾಗಿತ್ತು. "ಏನ್ರೀ, ಏನ್ರೀ ಅಂತ ಕರದೇ ಕರದೆ. ಆಮ್ಯಾಲ ಬಿಟ್ಟೆ" ಅಂದಳು. ಮಣಿಕಟ್ಟಿನ ಎಲುಬು ಸೀಳಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ರಿಕ್ಷಾದಲ್ಲಿ ಬರುವಾಗ ನಾನು ಆ ಯಂತ್ರವನ್ನು ಬಯ್ಯಲು ಶುರು ಮಾಡಿದೆ. ನಾಳೆಯೇ ವಾಪಸ್ ಕಳಿಸುತ್ತೇನೆ ಅಂದೆ. ಆಕೆ ನಕ್ಕು, "ಅದಕ್ಯಾಕ ಬೈತೀರಿ, ನಿಮಗ ಮೊದಲರ ಯಾವಾಗ ಕೇಳಸ್ತಿತ್ತು?" ಅಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಅವಳ ಮಾತು ತಮಾಷೆಯದಲ್ಲ ಎಂದು ನನಗೆ ಗೊತ್ತಿತ್ತು.

1992ರಲ್ಲಿ ನಾನು ಮುಂಬೈಯ ಘಾಟಕೋಪರಿನಲ್ಲಿದ್ದೆ. ಅವ್ವ ಧಾರವಾಡದಲ್ಲಿ ಒಬ್ಬಳೇ. ಮನೆಯಲ್ಲಿ ಫೋನಿಲ್ಲ. ರಾತ್ರಿ ಹನ್ನೊಂದರ ಮೇಲೆ ಎಸ್‌ಟಿಡಿ ಕಾಲು ದರ. ಆದ್ದರಿಂದ ಅವ್ವ ಶನಿವಾರ ಪಕ್ಕದವರ ಮನೆಯಲ್ಲಿ ಹನ್ನೊಂದರವರೆಗೆ ನಿದ್ದೆಗೆಟ್ಟು ಕಾಯುತ್ತಿದ್ದಳು. ಬೂತಿನಲ್ಲಿ ನನ್ನೆದುರು ಮೀಟರಿನ ಕೆಂಪು ಅಂಕಿ ಓಡುತ್ತಿತ್ತು. ಅವಳು ಮೊಣಕಾಲಿನ ನೋವು, ಮಳೆಗೆ ಸೋರುವ ಅಟ್ಟ, ಬಾಡಿಗೆಯವರ ತಕರಾರು ಎಲ್ಲ ಹೇಳುತ್ತಿದ್ದಳು. ನಾನು ಹೂಂ ಹೂಂ ಅನ್ನುತ್ತಿದ್ದೆ. ಕಿವಿಯಲ್ಲಿ ಅವಳ ದನಿ, ಮನಸ್ಸಿನಲ್ಲಿ ಮೀಟರು. 1994ರಲ್ಲಿ ಅವಳು ತೀರಿಕೊಂಡಳು. ನಮ್ಮ ಕೊನೆಯ ಕರೆಯ ಬಿಲ್ಲು 38 ರೂಪಾಯಿ ಆಗಿತ್ತೆಂದು ನನಗೆ ಇವತ್ತಿಗೂ ನೆನಪಿದೆ. ಅವಳು ಅವತ್ತು ಏನು ಹೇಳಿದಳೆಂದು ನೆನಪಿಲ್ಲ. ಅವಳ ದನಿಯನ್ನು ಸೊನ್ನೆ ಮಾಡಲು ನನಗೆ ಯಾವ ಯಂತ್ರವೂ ಬೇಕಾಗಿರಲಿಲ್ಲ.

ನಮ್ಮ ಕನ್ನಡದಲ್ಲಿ 'ಕೇಳು' ಎಂಬ ಮಾತು ವಿಚಿತ್ರವಾದದ್ದು. ಕಿವಿಗೆ ಬಿದ್ದದ್ದೂ ಕೇಳುವುದೇ, ಬೇಕೆಂದು ಬೇಡುವುದೂ ಕೇಳುವುದೇ. ತಾನಾಗಿ ಬಂದು ಬೀಳುವುದು ಕೇಳಿಸುವುದು. ಮನಸ್ಸು ಕೊಟ್ಟರೆ ಕೇಳಿಸಿಕೊಳ್ಳುವುದು. ಕರೆದವರಿಗೆ ಮರುದನಿ ಕೊಡುವುದಕ್ಕೆ 'ಓಗೊಡು' ಎಂಬ ಬೇರೆಯೇ ಪದ ಇದೆ. ಪರಊರಿನಲ್ಲಿ ಬದುಕಿದವರಿಗೆ ಇವುಗಳ ನಡುವಿನ ಅಂತರ ಬೇಗ ತಿಳಿಯುತ್ತದೆ. ಮುಂಬೈಗೆ ಹೋದ ಹೊಸದರಲ್ಲಿ ತುಂಬಿದ ಲೋಕಲ್ ಡಬ್ಬಿಯಲ್ಲಿ ನೂರು ದನಿಗಳ ನಡುವೆ, ನಾಲ್ಕು ಸಾಲು ಆಚೆ ಯಾರೋ "ಹೌದಲ್ಲೋ" ಅಂದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಗದ್ದಲದಲ್ಲಿ ಬೇಕಾದ ದನಿಯನ್ನು ಕಿವಿ ಹೇಗೆ ಹೆಕ್ಕುತ್ತದೆ ಎಂಬುದನ್ನು ಕಾಲಿನ್ ಚೆರ್ರಿ ಎಂಬ ವಿಜ್ಞಾನಿ 1953ರಲ್ಲೇ ಪ್ರಯೋಗ ಮಾಡಿ ಬರೆದಿದ್ದಾರೆ. ಹೆಕ್ಕುವ ಶಕ್ತಿ ನಮಗಿದೆ. ಯಾವುದನ್ನು ಹೆಕ್ಕುತ್ತೇವೆ ಎಂಬುದಕ್ಕೆ ಜವಾಬ್ದಾರರೂ ನಾವೇ.

ಹಾಗಾದರೆ ಆ ಹಕ್ಕಿನ ಗತಿ ಏನು? ನನ್ನ ತೀರ್ಮಾನ ಇಷ್ಟು. ಯಾರನ್ನೂ ಉದ್ದೇಶಿಸದ ಸದ್ದು ಗದ್ದಲ. ಅದರಿಂದ ಕಿವಿಯನ್ನು ಕಾಪಾಡಿಕೊಳ್ಳಲು ಎಲ್ಲರಿಗೂ ಹಕ್ಕಿದೆ. ನನ್ನನ್ನೇ ಉದ್ದೇಶಿಸಿ ಬಂದದ್ದು ಕರೆ. ಅದು ಬಂದ ಕೂಡಲೆ ನಾನು ಸಾಲಗಾರ. ನಮ್ಮ ಬ್ಯಾಂಕಿನವರಲ್ಲಿ 'ಕಾಲ್ ಮನಿ' ಅಂತ ಇದೆ, ಕರೆದಾಗ ಕೊಡಬೇಕಾದ ದುಡ್ಡು. ಒಟ್ಟಿಗೆ ಬದುಕುವವರ ನಡುವೆ ಇರುವುದು ಅಂಥ ಸಾಲ. ಯಂತ್ರ ಅಲೆಯ ಆಕಾರ ನೋಡಿ ಅಳಿಸುತ್ತದೆ. ಇದು ಯಾರಿಗೆ ಬಂದ ದನಿ ಎಂದು ನೋಡುವುದು ಅದರ ಕೆಲಸವಲ್ಲ.

"ಹಾಗಂತ ಹದಿನೈದರ ಹುಡುಗ ಇಡೀ ದಿನ ಕಿವಿ ತೆರೆದುಕೊಂಡು ಕೂರಬೇಕೇ?" ಎಂದು ನೀವು ಕೇಳಬಹುದು. ನನ್ನನ್ನೂ ಅದೇ ಕಾಡಿತು. ಎರಡು ಬೆಡ್‌ರೂಮಿನ ಮನೆಯಲ್ಲಿ ನಾವು ಐವರು. ಅವನಿಗೆ ತನ್ನದೆಂಬ ಕೋಣೆಯಿಲ್ಲ. ಆ ಹೆಡ್‌ಸೆಟ್ಟೇ ಅವನ ಕೋಣೆಯ ಗೋಡೆ. ಗೋಡೆ ಬೇಕೆನ್ನುವುದು ತಪ್ಪಲ್ಲ. ಜೊತೆಗೆ ಇನ್ನೊಂದು ಸಂಗತಿ ನಡೆಯಿತು. ಐದನೆಯ ದಿನ ರಾತ್ರಿ ಅವನಿಗೆ ಹೆಡ್‌ಸೆಟ್ ಕೊಟ್ಟು, ನಾನು ನೀರು ಕುಡಿಯಲು ಆ ಕಡೆ ಹಾದು ಹೋದೆ. ಅವನು ಪರದೆಯ ಮುಂದೆ ಕುಳಿತು, "ಲೇ, ಎಡಕ್ಕ ಬಾರಲೇ! ನಿನ್ನ ಹಿಂದ ಅದಾನ ನೋಡು!" ಎಂದು ಒದರುತ್ತಿದ್ದ. ಅಪ್ಪಟ ನಮ್ಮ ಕಡೆಯ ಕನ್ನಡ! ಆ ತುದಿಯಲ್ಲಿ ಇದ್ದವನು ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯ ಮೊಮ್ಮಗ. ಇಬ್ಬರೂ ಎರಡು ವರ್ಷದಿಂದ ಹೀಗೆ ಕೂಡಿ ಆಡುತ್ತಿದ್ದಾರಂತೆ. ನಮ್ಮ ಜೊತೆ ಅರ್ಧ ಮರಾಠಿ, ಅರ್ಧ ಇಂಗ್ಲಿಷಿನಲ್ಲಿ ಮೂರೇ ಮಾತು ಆಡುವ ಹುಡುಗ! ನನಗೆ ಎಸ್‌ಟಿಡಿ ಬೂತು ಏನಾಗಿತ್ತೋ ಅವನಿಗೆ ಇದು ಅದೇ. ಬಹುಶಃ ನನಗಿಂತ ಚೆನ್ನಾಗಿಯೇ ಅವನು ಅದನ್ನು ಬಳಸುತ್ತಿದ್ದಾನೆ. ಅವನು ಮೀಟರ್ ನೋಡುತ್ತಿಲ್ಲ.

ಏಳನೆಯ ದಿನ ಮಂಜೂರು ಮಾಡಿದೆ, ಷರತ್ತುಗಳ ಮೇಲೆ. ಒಂದು, ಸದ್ದು ಹದ್ದಿನಲ್ಲಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾನದಂಡದಲ್ಲಿ ಮಕ್ಕಳಿಗೆ ಹೇಳಿದ ಮಿತಿ ವಾರಕ್ಕೆ ನಲವತ್ತು ಗಂಟೆ, 75 ಡೆಸಿಬಲ್. ಎರಡು, ಮನೆಯಲ್ಲಿ ಅಜ್ಜಿಯ ಜೊತೆ ಇನ್ನಾರೂ ಇಲ್ಲದಾಗ ಒಂದು ಕಿವಿ ತೆರೆದಿರಬೇಕು. ಅವನು ಎಲ್ಲ ಕೇಳಿಸಿಕೊಂಡು, "ಅಜ್ಜಾ, ನಂದೂ ಒಂದ್ ಐತಿ" ಅಂದ. "ನೀ ಪೇಪರ್ ಓದೂಮುಂದ ಅಜ್ಜಿ ಕರದ್ರ, ಮೊದಲನೇ ಸಲಕ್ಕ ಓ ಅನ್ನಬೇಕು."

ಸಾಲಗಾರನೇ ಬ್ಯಾಂಕಿಗೆ ಷರತ್ತು ಹಾಕಿದ್ದು ನನ್ನ ಸರ್ವಿಸ್ಸಿನಲ್ಲಿ ಅದೇ ಮೊದಲು. ಒಪ್ಪಿದೆ.

ಈಗ ಅವಳ ಕೈಯ ಪ್ಲಾಸ್ಟರ್ ತೆಗೆದಿದ್ದಾರೆ. ಹುಡುಗ ತನ್ನ ಷರತ್ತನ್ನು ಸುಮಾರಾಗಿ ಪಾಲಿಸುತ್ತಿದ್ದಾನೆ. ನಾನೂ ಪಾಲಿಸುತ್ತಿದ್ದೇನೆ ಎಂದು ಬರೆಯಬೇಕೆಂದಿದ್ದೆ. ಆದರೆ ನಿನ್ನೆ ಬೆಳಗ್ಗೆಯೂ ಅವಳು ನನ್ನನ್ನು ಎರಡು ಸಲ ಕರೆಯಬೇಕಾಯಿತು.