ಇಂದಿನ ಧಮ್ಮ ಚಿಂತನ: ಅಂಕ ಹಾಕುವ ಕೈ



ನಾನು ಖಾನಾಪುರದಿಂದ ಬೆಳಗಾವಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಉದ್ಯಮಬಾಗದ ಒಂದು ಖಾಸಗಿ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದ ನೌಕರಿ. ಎರಡು ಸಲ ಪ್ರಮೋಷನ್ ತಪ್ಪಿತು. ಎರಡನೇ ಸಲ, ನಾನೇ ಕೆಲಸ ಕಲಿಸಿದ ಹುಡುಗ ನನ್ನ ಮೇಲಿನ ಕುರ್ಚಿಗೆ ಬಂದ. ಕಾರಣ ಕೇಳಿದರೆ "ನೀವು ಟೀಮಿಗೆ ಹೊಂದಿಕೊಳ್ಳೋದಿಲ್ಲರೀ" ಎಂದರು. 22 ಪ್ರತಿಜ್ಞೆ ಸ್ವೀಕರಿಸಿದವನು, ಅವರ ಮನೆಯ ಪೂಜೆಗಳಿಗೆ ನಾನು ಹೋಗುವುದಿಲ್ಲ. ಅದು ನಿಜ.

ಸರ್ಕಾರಿ ನೌಕರಿಯಲ್ಲಾದರೆ ಹಿಡಿದುಕೊಳ್ಳಲು ಕಾನೂನಿದೆ. 1995ರ 77ನೇ ತಿದ್ದುಪಡಿಯಿಂದ ಬಡ್ತಿಯಲ್ಲೂ ಮೀಸಲಾತಿಗೆ ಅವಕಾಶವಾಯಿತು. ಹಾಗೆ ಬಡ್ತಿ ಪಡೆದವರ ಜ್ಯೇಷ್ಠತೆ ಉಳಿಸಲು ನಮ್ಮ ರಾಜ್ಯ ತಂದ 2018ರ ಕಾಯ್ದೆಯನ್ನು ಸುಪ್ರೀಂ ಕೋರ್ಟು 2019ರ ಮೇ 10ರಂದು ಎತ್ತಿಹಿಡಿಯಿತು. ಖಾಸಗಿ ಕಂಪನಿಯಲ್ಲಿ ಇದ್ಯಾವುದೂ ಇಲ್ಲ. 1917ರಲ್ಲಿ ಬರೋಡಾ ಕಚೇರಿಯಲ್ಲಿ ಬಾಬಾಸಾಹೇಬರ ಮೇಜಿಗೆ ಜವಾನರು ದೂರದಿಂದಲೇ ಫೈಲು ಎಸೆಯುತ್ತಿದ್ದರು. ಈಗ ಈಮೇಲ್ ಬರುತ್ತದೆ, ಬಹಳ ಸಭ್ಯವಾಗಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನಗೆ ಸುಲಭವಿತ್ತು.

ಗೃಹಪತಿಯ ಮಗ ಸಿಗಾಲನಿಗೆ ತಥಾಗತರು ರಾಜಗೃಹದಲ್ಲಿ ನಾಲ್ಕು ಅಗತಿಗಳನ್ನು ತಿಳಿಸಿದರು: ಛಂದ, ದೋಸ, ಮೋಹ, ಭಯ. ಮನುಷ್ಯ ತನ್ನವರೆಂಬ ಒಲವಿನಿಂದ, ದ್ವೇಷದಿಂದ, ತಿಳಿಗೇಡಿತನದಿಂದ, ಅಂಜಿಕೆಯಿಂದ ಅಡ್ಡದಾರಿ ಹಿಡಿಯುತ್ತಾನೆ. ಮೇಲಿನವರಲ್ಲಿ ಮೊದಲ ಮೂರನ್ನು ನಾನು ವರ್ಷಗಟ್ಟಲೆ ಎಣಿಸಿದ್ದೇನೆ. ನಾಲ್ಕನೆಯದನ್ನು ಓದುವಾಗ ಬೇಗ ದಾಟುತ್ತಿದ್ದೆ.

ಕಳೆದ ತಿಂಗಳು ಟ್ರೇನಿಗಳ ಆಯ್ಕೆಗೆ ಮೂವರಲ್ಲಿ ನನ್ನನ್ನೂ ಕೂರಿಸಿದರು. ಖಾನಾಪುರ ತಾಲೂಕಿನ ಒಬ್ಬ ಹುಡುಗಿ ಬಂದಿದ್ದಳು. ಡಿಪ್ಲೊಮಾ ಮುಗಿಸಿದವಳು, ನಮ್ಮದೇ ಸಮಾಜ. ಕೈಗೆ ಮೈಕ್ರೋಮೀಟರ್ ಕೊಟ್ಟರೆ ಒಂದೂ ಅಳತೆ ತಪ್ಪಲಿಲ್ಲ. ಇಂಗ್ಲಿಷಿನಲ್ಲಿ ತಡವರಿಸಿದಳು, ಆ ಕೆಲಸಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಹತ್ತಕ್ಕೆ ಎಂಟು ಕೊಡಬೇಕಾದಲ್ಲಿ ನಾನು ಆರು ಬರೆದೆ. "ತನ್ನವರನ್ನ ತುಂಬಸ್ತಾನ" ಅಂದಾರು ಎಂಬ ಅಂಜಿಕೆ. ಅವಳಿಗಿಂತ ಕಡಿಮೆ ಬಲ್ಲ ಇನ್ನೊಬ್ಬನಿಗೆ ಏಳು ಕೊಟ್ಟಿದ್ದೆ!

ಆ ರಾತ್ರಿ ಆನಾಪಾನಕ್ಕೆ ಕುಳಿತವನು ಐದು ನಿಮಿಷಕ್ಕೆ ಎದ್ದೆ. ಮರುದಿನ ಎಚ್‌ಆರ್ ಮೇಡಂ ಹತ್ತಿರ ಹೋಗಿ, ನಾನು ಹಾಕಿದ ಅಂಕ ತಪ್ಪು, ತಿದ್ದಲು ಅವಕಾಶ ಕೊಡಿ ಎಂದು ಬರೆದುಕೊಟ್ಟೆ. ಕಾರಣವನ್ನೂ ಬರೆದೆ. "ಇದನ್ನೂ ಬರೀಬೇಕೇನ್ರೀ?" ಎಂದು ಅವರು ಎರಡು ಸಲ ಕೇಳಿದರು.

ಪಟ್ಟಿ ಇನ್ನೂ ಬಂದಿಲ್ಲ. ಮೊನ್ನೆ ಆ ಹುಡುಗಿ ಬಸ್ಸಿನಲ್ಲಿ ಸಿಕ್ಕು, "ಏನಾತ್ರಿ ಕಾಕಾ?" ಎಂದಳು. ಎರಡೂ ಅಂಕ ಹೇಳಿದೆ. ಅವಳು ಕಿಟಕಿ ಕಡೆ ತಿರುಗಿದಳು. ಬೆಳಗಾವಿ ಬರುವವರೆಗೂ ಮಾತಾಡಲಿಲ್ಲ.

ಜೈ ಭೀಮ್.