ಮಾನ ಹೋದ ಮೇಲಿನ ಬದುಕು

ನಮ್ಮ ಕಡೆ ಯಾರಾದರೂ ತಾವೇ ಜೀವ ಕಳೆದುಕೊಂಡರೆ, ಮಣ್ಣು ಕೊಟ್ಟು ಬಂದ ಸಂಜೆಯೇ ಕಟ್ಟೆಯ ಮೇಲೆ ಒಂದು ಮಾತು ಹುಟ್ಟುತ್ತದೆ: "ಭಾಳ ಪಾಪದ ಕೆಲಸ ಮಾಡಿದ. ಇನ್ನ ಮುಕ್ತಿ ಎಲ್ಲೀದು?" ಸವದತ್ತಿಯಲ್ಲಿ ನನ್ನದು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ. ಮುನವಳ್ಳಿ, ಯಕ್ಕುಂಡಿ, ಮುರಗೋಡ, ರಾಮದುರ್ಗದ ಕಡೆಯ ರೈತರು ಉದ್ದರಿ ಬರೆಸಿ ಮಾಲು ಒಯ್ಯುತ್ತಾರೆ. ನನ್ನ ಗಲ್ಲೆಯ ಮುಂದೆಯೂ ಈ ಮಾತು ಎಷ್ಟೋ ಸಲ ಬಂದಿದೆ. ನಾನು ಲಿಂಗ ಕಟ್ಟಿದವ. ದೇಹ ಶಿವನ ಮನೆ, ಅದನ್ನು ಕೆಡವುವ ಅಧಿಕಾರ ನಮಗಿಲ್ಲ ಎಂದು ನಂಬಿದವ. ಆದರೂ ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ಪಾಪ ಅನ್ನಿಸಿಕೊಳ್ಳಬೇಕಾದರೆ ಬೇರೆ ದಾರಿ ಕಂಡೂ ಬಿಟ್ಟಿರಬೇಕು. ಆ ಹೊತ್ತಿನಲ್ಲಿ ಅವನಿಗೆ ಬೇರೆ ದಾರಿ ಕಂಡಿತ್ತೇ?

"ಹಂಗಾದ್ರ ಜೈನರ ಸಲ್ಲೇಖನ ಏನ್ರಿ?" ಎಂದು ಜಾಣ ಗಿರಾಕಿಯೊಬ್ಬ ಕೇಳಿದ್ದ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟು ಉಪವಾಸವಿದ್ದು ದೇಹ ಬಿಡುವ ಆ ವ್ರತವನ್ನು ಆತ್ಮಹತ್ಯೆಯೆಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಕೋರ್ಟಿನ ಮಾತು ಹಾಗಿರಲಿ. ಸಲ್ಲೇಖನಕ್ಕೆ ಗುರುವಿನ ಅಪ್ಪಣೆ ಬೇಕು. ಅದು ಎಲ್ಲರ ಕಣ್ಣೆದುರಿಗೆ, ನಿಧಾನವಾಗಿ, ಎಲ್ಲರ ಕ್ಷಮೆ ಕೇಳಿ, ಎಲ್ಲರಿಗೂ ಕ್ಷಮೆ ಕೊಟ್ಟು ನಡೆಯುವ ವ್ರತ. ದುಃಖದಿಂದ, ಸಿಟ್ಟಿನಿಂದ ಸಾಯಬಯಸುವವರಿಗೆ ಆ ಧರ್ಮವೂ ಅಪ್ಪಣೆ ಕೊಡುವುದಿಲ್ಲ. ನಮ್ಮ ಊರುಗಳಲ್ಲಿ ಆಗುವ ಸಾವುಗಳಲ್ಲಿ ಇರುವುದು ಅವಸರ, ಗುಟ್ಟು, ಒಂಟಿತನ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು.

ಆ ಹೊತ್ತಿನಲ್ಲಿ ಬೇರೆ ದಾರಿ ಕಾಣುವುದಿಲ್ಲ ಎಂಬುದನ್ನೇ ಡಾಕ್ಟರುಗಳೂ ಹೇಳುತ್ತಾರೆ. ಸಂಕಟದ ತುದಿಯಲ್ಲಿ ಮನಸ್ಸು ಕಣ್ಣುಪಟ್ಟಿ ಕಟ್ಟಿದ ಗಾಣದ ಎತ್ತಿನಂತಾಗುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಸಾಯಬೇಕು, ಬದುಕಬೇಕು ಎಂಬ ಎರಡೂ ಆಸೆ ಒಳಗೆ ಕಾದಾಡುತ್ತಿರುತ್ತವೆ. ಆ ಉಬ್ಬರ ಹಲವು ಸಲ ಕೆಲವೇ ತಾಸಿನಲ್ಲಿ ಇಳಿಯುತ್ತದೆ. ಒಮ್ಮೆ ಪಾರಾದವರಲ್ಲಿ ಹೆಚ್ಚಿನವರು ಮುಂದೆ ಆ ರೀತಿ ಸಾಯುವುದಿಲ್ಲ. ಕಾರಣವೂ ಒಂದೇ ಇರುವುದಿಲ್ಲ. ಪೇಪರಿನವರು ಸಾಲವೊಂದನ್ನೇ ಬರೆಯುತ್ತಾರೆ. ಸಾಲದ ಜೊತೆ ಖಿನ್ನತೆ, ಕುಡಿತ, ಮನೆಯ ಜಗಳ, ವಾಸಿಯಾಗದ ನೋವು, ಹಿಂದೊಮ್ಮೆ ಮಾಡಿದ ಪ್ರಯತ್ನ ಸೇರಿದಾಗ ಅಪಾಯ ಹೆಚ್ಚು.

ಇವಕ್ಕೆಲ್ಲ ನಮ್ಮ ನೆಲದಲ್ಲಿ ಇನ್ನೊಂದು ಭಾರ ಕೂಡುತ್ತದೆ: ಮಾನ. "ಮಾನ ಹೋದ ಮ್ಯಾಲ ಬದುಕಿ ಏನ್ ಮಾಡೂದೈತಿ?" ಎನ್ನುವವರು ಕಿತ್ತೂರು ನಾಡಿನವರೆಂಬ ಅಭಿಮಾನದಿಂದಲೇ ಹೇಳುತ್ತಾರೆ. ಅವರಿಗೆ ನಾನು ಕಿತ್ತೂರಿನ ರಾಣಿ ಚೆನ್ನಮ್ಮನನ್ನೇ ತೋರಿಸುತ್ತೇನೆ. ಗಂಡ ತೀರಿದ್ದ, ಹೆತ್ತ ಮಗ ತೀರಿದ್ದ. 1824ರ ಅಕ್ಟೋಬರಿನಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದ ಕಾಳಗವನ್ನು ಎಲ್ಲರೂ ಹಾಡುತ್ತಾರೆ. ಡಿಸೆಂಬರಿನಲ್ಲಿ ಕೋಟೆಯೂ ಹೋಯಿತು, ರಾಜ್ಯವೂ ಹೋಯಿತು. ಆಮೇಲೆ 1829ರ ಫೆಬ್ರವರಿಯವರೆಗೆ, ನಾಲ್ಕು ವರ್ಷಕ್ಕೂ ಮೇಲೆ, ಆಕೆ ಬೈಲಹೊಂಗಲದ ಕೋಟೆಯಲ್ಲಿ ವೈರಿಯ ಕೈದಿಯಾಗಿ ಬದುಕಿದಳು. ಮೂರ್ತಿ ಮಾಡುವವರು ಕುದುರೆ, ಕತ್ತಿ ಮಾಡುತ್ತಾರೆ. ಆ ನಾಲ್ಕು ವರ್ಷಗಳಿಗೆ ಮೂರ್ತಿಯಿಲ್ಲ. ಬೈಲಹೊಂಗಲದ ಸಮಾಧಿಗೆ ಕೈ ಮುಗಿಯುವಾಗ ನಾನು ಮುಗಿಯುವುದು ಆ ವರ್ಷಗಳಿಗೆ. ಎಲ್ಲ ಕಳೆದುಕೊಂಡವಳು ಬದುಕಿದ್ದರಿಂದ ಆಕೆಯ ಮಾನ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ.

ಹಾಗಾದರೆ ಧರ್ಮದ ಪ್ರಶ್ನೆಯನ್ನು ಸತ್ತವನಿಗೆ ಕೇಳುವುದು ಬಿಟ್ಟು ನಮಗೆ ಕೇಳಿಕೊಳ್ಳಬೇಕು. ನನ್ನ ಪಾಲಿಗೆ ಅದು ಅಂಗಡಿಯಲ್ಲೇ ಶುರು. ಹೊತ್ತು ಮುಳುಗಿದ ಮೇಲೆ ಯಾವನೋ ಒಬ್ಬನೇ ಬಂದು, ಕಣ್ಣು ಎತ್ತದೆ ಔಷಧ ಕೇಳಿದರೆ, "ಯಾವ ಬೆಳಿಗೆ? ಎಷ್ಟು ಎಕರೆಕ? ಮನ್ಯಾಗ ಎಲ್ಲಾ ಆರಾಮ?" ಎಂದು ಕೇಳುತ್ತೇನೆ. ಉತ್ತರ ಸರಿ ಕಾಣದಿದ್ದರೆ ಮಾಲು ಇಲ್ಲ, ಚಹಾ ಉಂಟು. ಒಯ್ಯುವವರಿಗೂ ಔಷಧ ಇಡುವ ಪೆಟ್ಟಿಗೆಗೆ ಕೀಲಿ ಹಾಕಿ, ಕೀಲಿ ಬೇರೆಯವರ ಕೈಯಲ್ಲಿಡಿ ಎನ್ನುತ್ತೇನೆ. ಇದು ಸಣ್ಣ ಕೆಲಸವಲ್ಲ. ಶ್ರೀಲಂಕಾ 1995ರಿಂದ ಅತಿ ಘೋರ ಕೀಟನಾಶಕಗಳನ್ನು ನಿಷೇಧಿಸುತ್ತ ಬಂತು. ಎರಡು ದಶಕದಲ್ಲಿ ಅಲ್ಲಿಯ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು.

"ನಾ ಇದ್ರ ನಿಮಗ ಭಾರ" ಎನ್ನುವವನನ್ನು, ಪ್ರೀತಿಯ ಸಾಮಾನು ಹಂಚುವವನನ್ನು, ಮಾತು ಬಿಟ್ಟು ಮೂಲೆ ಹಿಡಿದವನನ್ನು ನೇರವಾಗಿ ಕೇಳಬೇಕು: "ಸಾಯೂ ವಿಚಾರ ಬರಾಕತ್ತೈತೇನು?" ಕೇಳಿದರೆ ಆ ವಿಚಾರ ಬಿತ್ತಿದಂತಾಗುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಆಮೇಲೆ ಅವನನ್ನು ಒಬ್ಬನೇ ಬಿಡಬಾರದು. 14416ಕ್ಕೆ ಫೋನು ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ನಮಗೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ದೂರವಲ್ಲ. ಖಿನ್ನತೆಗೆ ಗುಳಿಗೆ ಇದೆ, ಆಪ್ತ ಸಮಾಲೋಚನೆ ಇದೆ. ಗುಳಿಗೆ ಗುಣ ತೋರಲು ಕೆಲವು ವಾರ ಬೇಕು; ಅಷ್ಟರೊಳಗೆ ಬಿಡದಂತೆ, ಆರಾಮಾಯಿತೆಂದು ತಾನೇ ನಿಲ್ಲಿಸದಂತೆ ಮನೆಯವರು ನೋಡಿಕೊಳ್ಳಬೇಕು. ಪೊಲೀಸರ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಪ್ರಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಿ, ಅವನಿಗೆ ಆರೈಕೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ಕಾನೂನೇ ಅಪರಾಧಿಯೆಂದು ನೋಡುವುದನ್ನು ಬಿಟ್ಟಿರುವಾಗ ಕಟ್ಟೆಯ ಪಂಚರು ಯಾಕೆ ಹಿಡಿದು ಕೂತಿದ್ದಾರೆ?

ನಮ್ಮ ಎಲ್ಲಮ್ಮನ ಕಥೆಯಲ್ಲೇ ಉತ್ತರವಿದೆ. ಗಂಡ ಶಪಿಸಿ ಹೊರಹಾಕಿದ, ಮೈಗೆ ರೋಗ ಹತ್ತಿದ ರೇಣುಕೆಯನ್ನು, ಅಂದರೆ ಎಲ್ಲಮ್ಮನನ್ನು, ಏಕಯ್ಯ, ಜೋಗಯ್ಯ ಎಂಬ ಸಾಧುಗಳು ತಪ್ಪು ಯಾರದೆಂದು ವಿಚಾರಿಸದೆ ಬರಮಾಡಿಕೊಂಡರು. ಜೋಗುಳಬಾವಿಯ ನೀರಿನಲ್ಲಿ ಮಿಂದು ಆಕೆ ವಾಸಿಯಾದಳು. ಇಂದಿಗೂ ಭಕ್ತರು ಮೊದಲು ಅಲ್ಲಿ ಮಿಂದು, ಉಧೋ ಉಧೋ ಎನ್ನುತ್ತ ಗುಡ್ಡ ಹತ್ತುತ್ತಾರೆ. ಭರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬರುವಾಗ, ಆ ಬಾವಿಯ ಹತ್ತಿರ 14416ರ ದೊಡ್ಡ ಫಲಕವೊಂದಿರಲಿ, ಒಬ್ಬ ಆಪ್ತ ಸಮಾಲೋಚಕರು ಕೂತಿರಲಿ ಎಂಬುದು ನನ್ನ ಬೇಡಿಕೆ. ಮಠಗಳ ಸ್ವಾಮಿಗಳಿಗೆ ಕೇಳುವುದು ಇನ್ನೊಂದು: ಸಾವಾದ ಮನೆಯಲ್ಲಿ ಪಾಪದ ಮಾತು ಎತ್ತುವವರನ್ನು ಎಲ್ಲರೆದುರಿಗೆ ತಡೆಯಿರಿ. ಅಲ್ಲಿ ಉಳಿದ ಹೆಂಡತಿ, ಮಕ್ಕಳಿಗೂ ಅಪಾಯ ಹೆಚ್ಚಿರುತ್ತದೆ. ಅವರು ಆ ಮಾತು ಕೇಳಿಸಿಕೊಳ್ಳುತ್ತಿರುತ್ತಾರೆ.